ನೀರು ಹತ್ತದ ಊರಿನ ಗೆಳೆಯನಿಗೆ

ಗೆಳೆಯಾ,

ಮೊನ್ನೆ ಫೋನಿನಲ್ಲಿ "ಮಂಡ್ಯ ಹುಟ್ಟಿದ್ದು ಯಾವಾಗ?" ಅಂತ ಕೇಳಿದೆಯಲ್ಲ, ಊರಿಗೆ ಹೆಸರು ಕೊಟ್ಟನೆನ್ನುವ ಮಾಂಡವ್ಯ ಋಷಿಯ ಕತೆ ಹೇಳಿ ತಪ್ಪಿಸಿಕೊಂಡುಬಿಟ್ಟೆ. ಕತೆ ಚೆನ್ನಾಗೇ ಇದೆ. ಆದರೆ ನಾವಿಬ್ಬರೂ ತಿರುಗಾಡಿದ ಮಂಡ್ಯಕ್ಕೆ, ನನ್ನ ಲೆಕ್ಕದಲ್ಲಿ, ಇನ್ನೂ ನೂರು ವರ್ಷ ತುಂಬಿಲ್ಲ.

ರೈಲು ಮೊದಲೇ ಬಂದಿತ್ತು. ಬೆಂಗಳೂರಿನ ಹಳಿ 1882ರಲ್ಲೇ ಮಂಡ್ಯ ದಾಟಿ ಮೈಸೂರು ಮುಟ್ಟಿತ್ತು. ರೈಲು ನಿಂತು ಹೋದ ಮಾತ್ರಕ್ಕೆ ಊರು ಬೆಳೆಯುತ್ತದೆಯೇ? ಸುತ್ತ ಇದ್ದದ್ದು ಮಳೆ ನಂಬಿದ ರಾಗಿ ಹೊಲ, ಹುರುಳಿ. ಮನೆಗಾಗಿ ಮಿಕ್ಕರೆ ತಾನೇ ಪೇಟೆ?

1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್. ಅಣೆಕಟ್ಟು, ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಕಟ್ಟೆ ತುಂಬಿದರೂ ನೀರು ನಮ್ಮ ಕಡೆ ಬರಲು ಗುಡ್ಡ ಅಡ್ಡ. ಹುಲಿಕೆರೆ ಹತ್ತಿರ ಆ ಗುಡ್ಡವನ್ನೇ ಕೊರೆದು, ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ತೆಗೆದು ನಾಲೆ ಹರಿಸಿದರು. ಆಗ ವೈಸ್‌ರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ, ಆಮೇಲೆ ವಿಶ್ವೇಶ್ವರಯ್ಯ ನಾಲೆ, ನಮ್ಮ ಬಾಯಲ್ಲಿ ವಿ.ಸಿ. ನಾಲೆ.

ನೀರು ಬಂತು, ಕಬ್ಬೂ ಬಂತು. ರಾಗಿಯನ್ನಾದರೆ ಹಗೇವಿಗೆ ತುಂಬಿ ವರ್ಷಗಟ್ಟಲೆ ಇಡಬಹುದು; ಕಬ್ಬು ಹಾಗಲ್ಲ. ಕಡಿದು ಒಂದೆರಡು ದಿನ ಬಿಟ್ಟರೆ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಕಮ್ಮಿಯಾಗುತ್ತದೆ. ಅರೆಯುವ ಗಾಣ ಎತ್ತಿನ ಗಾಡಿ ಹೋಗಿ ಮುಟ್ಟುವಷ್ಟು ಹತ್ತಿರದಲ್ಲೇ ಇರಬೇಕು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್‌ಮನ್ ಕಾರ್ಖಾನೆ ಆಗಲೇಬೇಕೆಂದು ಪಟ್ಟು ಹಿಡಿದರು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಕೆನಡಾದ ಈ ಮನುಷ್ಯ ಇಲ್ಲಿಗೆ ಬಂದದ್ದು ಬೆಳೆಗೆ ಬರುವ ಕೀಟ, ಬೂಷ್ಟುಗಳ ಅಧ್ಯಯನಕ್ಕೆ! ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರೂ ಇವರೇ. 1939ರ ಜುಲೈನಲ್ಲಿ ಮಂಡ್ಯ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯೂ ಆಯಿತು. ಕಚೇರಿ, ಕೋರ್ಟು, ಹೋಟೆಲು ಹಿಂದೆಯೇ ಬಂದವು.

ಈಗ ನಿನ್ನ ವಿಷಯ. ನಿಮ್ಮೂರು ದಿಣ್ಣೆ ಮೇಲಿದೆ, ನಾಲೆ ನೀರು ಹತ್ತಲಿಲ್ಲ ಅಂತ ನಿಮ್ಮ ತಾತ ಕೊನೆಯವರೆಗೂ ಕೊರಗುತ್ತಿದ್ದರಲ್ಲ. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ ಮಂಡ್ಯ ಸೀಮೆಗೆ ಬಂದು ಎರಡು ಹಳ್ಳಿಗಳಲ್ಲಿ ಇದ್ದು ನೋಡಿದರು. ಒಂದಕ್ಕೆ ನಾಲೆ ನೀರಿತ್ತು, ಇನ್ನೊಂದು ನಿಮ್ಮೂರಿನ ಹಾಗೆ ಎತ್ತರದಲ್ಲಿತ್ತು. ನೀರಿದ್ದವರು ಗದ್ದೆ ಬಿಟ್ಟು ಕದಲಲಿಲ್ಲ. ಒಣ ಊರಿನವರು ಮಾತ್ರ ಸುತ್ತಲಿನ ನೀರಾವರಿ ಹಣದ ಬೆನ್ನು ಹತ್ತಿದರು: ಗಾಡಿ ಬಾಡಿಗೆ, ಹಿಟ್ಟಿನ ಗಿರಣಿ, ಗುತ್ತಿಗೆ, ಮಂಡ್ಯದಲ್ಲಿ ನೌಕರಿ. ಆಕೆ ಬರೆದದ್ದನ್ನು ಓದುತ್ತಾ ನಿಮ್ಮ ತಾತನೇ ಕಣ್ಣಿಗೆ ಕಟ್ಟಿದರು. ರಾತ್ರಿ ಕಬ್ಬು ಹೇರಿ, ನೊಗದ ಕೆಳಗೆ ಲಾಟೀನು ತೂಗುಬಿಟ್ಟು, ಏರಿನಲ್ಲಿ ಎತ್ತು ನಿಂತಾಗ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ ಕತೆ ಅವರೇ ಹೇಳಿದ್ದು. ಹಿಂದಿನಿಂದ ಹುಡುಗರು ಜಲ್ಲೆ ಎಳೆಯುತ್ತಿದ್ದರಂತೆ, ಗೊತ್ತಾದರೂ ಬೈಯುತ್ತಿರಲಿಲ್ಲವಂತೆ: "ಎಳೀಲಿ ಬುಡು, ಭಾರ ಕಮ್ಮಿಯಾಯ್ತದೆ."

ಆ ಗಾಡಿಯ ಒಂದು ಚಕ್ರ ನಿಮ್ಮ ಹಿತ್ತಲ ಗೋಡೆಗೆ ಒರಗಿತ್ತಲ್ಲ, ಇನ್ನೂ ಇದೆಯಾ? ಸೌದೆಗೆ ಹಾಕಿಲ್ಲ ತಾನೇ? ದಸರೆಗೆ ಬಂದಾಗ ನೋಡುತ್ತೇನೆ.

ನಿನ್ನ,
ಹಳೇ ಬೆಂಚಿನ ಜೊತೆಗಾರ