ಬಾಣ ಬಿಟ್ಟ ಮೇಲಿನ ಕತೆ ಬರೀಲೇ ಇಲ್ವಲ್ಲ

ಸಂಪಾದಕರೇ ನಮಸ್ಕಾರ,

ಅಮೆರಿಕದಲ್ಲಿ ಬಿಲ್ಲು ಬಾಣ ಹಿಡಿದು ಕರಡಿ ಬೇಟೆ ಆಡೋರ ಬಗ್ಗೆ ಭಾನುವಾರದ ಪುರವಣೀಲಿ ಬಂದಿದ್ದ ಲೇಖನ ಓದಿದೆ. ಬಿಲ್ಲಿನ ವರ್ಣನೆ ಎಲ್ಲಾ ಜೋರಾಗಿತ್ತು, ಆದ್ರೆ ಬಾಣ ತಗುಲಿದ್ದೇ ಕರಡಿ ದೊಪ್ಪಂತ ಬಿದ್ದುಬಿಡುತ್ತೆ ಅನ್ನೋ ಥರ ಬರೆದಿದ್ದಾರಲ್ಲ, ಅದು ಹಂಗಲ್ಲ. ನಾನು ಬೇಟೆಗಾರ ಅಲ್ಲ, ಟಾರ್ಗೆಟ್‌ಗೆ ಬಾಣ ಬಿಡೋನು ಅಷ್ಟೆ, ಆದ್ರೂ ಸುಮ್ನಿರೋಕೆ ಆಗ್ಲಿಲ್ಲ.

ಗುಂಡಿನ ಪೆಟ್ಟೇ ಬೇರೆ, ಬಾಣ ಕೊಲ್ಲೋದು ಕೊಯ್ದು ರಕ್ತ ಹರಿಸಿ. ಅದಕ್ಕೇ ಬಿಲ್ಲಿಗಿಂತ ಬ್ಲೇಡು ಮುಖ್ಯ. ನಮ್ಮ ಬಾಣದ ಮೊನೆ ಪೆನ್ಸಿಲ್ ಥರ ಇರುತ್ತೆ, ಬೇಟೆ ಬಾಣಕ್ಕೆ ಹಾಕೋದು ಬ್ರಾಡ್‌ಹೆಡ್, ಎರಡು ಮೂರು ಬ್ಲೇಡಿನದು. ಒಂದ್ಸಲ ಒಬ್ರು ರಬ್ಬರ್ ಬ್ಯಾಂಡ್ ಎಳೆದು ಹಿಡಿದು ಅದರ ಮೇಲೆ ಬ್ಲೇಡ್ ಸುಮ್ನೆ ಸೋಕಿಸಿದ್ರು, ಟಪ್ ಅಂತ ತುಂಡಾಯ್ತು. ತುಂಡಾಗದೆ ರಬ್ಬರ್ ಬಗ್ಗಿಕೊಂಡು ಹೋದ್ರೆ ಆ ಬ್ಲೇಡ್ ಕಾಡಿಗೆ ತಗೊಂಡು ಹೋಗಲ್ವಂತೆ, ಯಾಕಂದ್ರೆ ಒಳಗಿನ ರಕ್ತನಾಳನೂ ಹಂಗೇ ಜಾರಿಕೊಳ್ಳುತ್ತೆ. ಅಲಾಸ್ಕಾದಲ್ಲಿ ಗ್ರಿಜ್ಲಿಗೆ, ಅಂದ್ರೆ ಅಲ್ಲಿನ ದೊಡ್ಡ ಕಂದು ಕರಡಿಗೆ, ಕನಿಷ್ಠ 50 ಪೌಂಡ್ ಎಳೆತದ (ದಾರ ಪೂರ್ತಿ ಎಳೆಯೋಕೆ ಬೇಕಾಗೋ ಬಲ) ಬಿಲ್ಲು, 20 ಇಂಚು ಉದ್ದದ 300 ಗ್ರೇನ್ ತೂಕದ ಬಾಣ, ಅಂದ್ರೆ ಹತ್ತತ್ತಿರ 20 ಗ್ರಾಂ, ಇರಲೇಬೇಕು ಅಂತ ರೂಲ್ಸೇ ಇದೆ.

ಈಗ ಅಸಲಿ ವಿಷಯ. ಕರಡಿ ಎದುರುಬದುರು ನಿಂತಿದ್ರೆ ಬಾಣ ಬಿಡಬಾರದು, ಪಕ್ಕಕ್ಕೆ ತಿರುಗಿ ಮುಂಗಾಲು ಮುಂದಿಟ್ಟಾಗ ಭುಜದ ಹಿಂದೆ ಶ್ವಾಸಕೋಶಕ್ಕೆ ಬಿಡಬೇಕು, ಅದೂ 20 ಗಜದೊಳಗೆ ಇದ್ರೆ ಒಳ್ಳೇದು. ಮರದ ಮೇಲೆ ಕಟ್ಟಿಕೊಂಡ ಅಟ್ಟಣೆಯಿಂದ ಬಿಟ್ರೆ ಬಾಣ ಮೇಲ್ಗಡೆಯಿಂದ ಒಳಗೆ ಹೋಗುತ್ತೆ, ಕೆಳಗಡೆ ತೂರಿ ಆಚೆ ಬರಲಿಲ್ಲ ಅಂದ್ರೆ ರಕ್ತ ಒಳಗೇ ತುಂಬಿಕೊಳ್ಳುತ್ತೆ, ಹನಿ ನೆಲಕ್ಕೆ ಬೀಳಲ್ಲ. ಬಾಣ ಆಚೆ ಬಂದ್ರೂ ಕೊಬ್ಬು ಗಾಯ ಮುಚ್ಚುತ್ತೆ, ದಪ್ಪ ಕೂದಲು ರಕ್ತ ಹೀರ್ಕೊಳ್ಳುತ್ತೆ. ಕರಡಿ ಬರೋದು ಹೆಚ್ಚಾಗಿ ಸಂಜೆ, ಓಡೋದು ದಟ್ಟ ಪೊದೆಗೆ, ಅಂದ್ಮೇಲೆ ಟಾರ್ಚ್ ಹಿಡ್ಕೊಂಡು ಎಲೆ ಎಲೆ ತಿರುವಿ ನೋಡ್ತಾ ಗಾಯಗೊಂಡ ಪ್ರಾಣಿ ಇರೋ ಕಡೆಗೇ ನಡ್ಕೊಂಡು ಹೋಗ್ಬೇಕು. ಇದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ!

1920ರಲ್ಲಿ ಸ್ಯಾಕ್ಸ್‌ಟನ್ ಪೋಪ್, ಆರ್ಥರ್ ಯಂಗ್ ಅನ್ನೋ ಬಿಲ್ಲುಗಾರರು ಮ್ಯೂಸಿಯಂಗೋಸ್ಕರ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಬಿಲ್ಲಿಂದ ಗ್ರಿಜ್ಲಿ ಹೊಡೆದಾಗಲೂ ಬಂದೂಕಿನ ಗೈಡ್ ಜೊತೇಲಿದ್ದ. ಈಗ್ಲೂ ಅಲಾಸ್ಕಾಗೆ ಹೊರ ರಾಜ್ಯದಿಂದ ಬಂದೋರು ಗೈಡೋ, ಅಲ್ಲೇ ನೆಲೆಸಿರೋ ಹತ್ತಿರದ ಸಂಬಂಧಿಕರೋ ಇಲ್ದೆ ಗ್ರಿಜ್ಲಿ ಬೇಟೆಗೆ ಹೋಗೋ ಹಾಗಿಲ್ಲ. ಅಟ್ಟಣೆ ಹತ್ತಿದ್ರೆ ಸೇಫ್ ಅನ್ನೋದೂ ಭ್ರಮೆ, ಕಪ್ಪು ಕರಡಿ ಮರ ಹತ್ತೋದ್ರಲ್ಲಿ ಎಕ್ಸ್‌ಪರ್ಟು, ಜೊತೆಗೆ ಬೆಲ್ಟ್ ಹಾಕ್ಕೊಳ್ದೆ ಮೇಲಿಂದ ಬಿದ್ದು ಸೊಂಟ ಮುರ್ಕೊಳ್ಳೋರೂ ಇದ್ದಾರೆ. ಬೇರ್ ಸ್ಪ್ರೇ, ಅಂದ್ರೆ ಕರಡಿ ಓಡಿಸೋ ಖಾರದ ಸ್ಪ್ರೇ, ಬ್ಯಾಗಿನ ತಳದಲ್ಲಿ ಇಟ್ಟಿದ್ರೆ ಇದ್ದೂ ಇಲ್ದಂಗೆ, ಸೊಂಟದಲ್ಲೇ ಕೈಗೆ ಸಿಗೋ ಹಾಗಿರಬೇಕು.

ಮುಂದಿನ ಸಲ ಬರೆಯೋರು ಜಾಡು ಹಿಡಿಯೋದರ ಬಗ್ಗೆ ಎರಡು ಪ್ಯಾರಾ ಆದ್ರೂ ಬರೀಲಿ. ಇನ್ನೊಂದು, ನೀವು ಹಾಕಿದ್ದ ಫೋಟೋದಲ್ಲಿ ಬಾಣದ ತುದೀಲಿ ಇದ್ದಿದ್ದು ಬ್ರಾಡ್‌ಹೆಡ್ ಅಲ್ಲ, ನಾವು ಪ್ರಾಕ್ಟೀಸಿಗೆ ಹಾಕೋ ಮೊನೆ.

ಇಂತಿ,
ನಿಮ್ಮ ಓದುಗ