ಕಾಡುಹಂದಿ ಕಾಟ: ಅನುಮತಿ ಪ್ರಕ್ರಿಯೆ ಸರಳವಾಗಲಿ

ಮಾನ್ಯರೆ,

ಸಕಲೇಶಪುರ, ಮೂಡಿಗೆರೆ ಭಾಗದಲ್ಲಿ ಭತ್ತ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳ ಹಾವಳಿ ಮಿತಿಮೀರುತ್ತಿದೆ. ಮೊನ್ನೆ ರಾತ್ರಿ ನಮ್ಮ ಗದ್ದೆಗೆ ನುಗ್ಗಿದ ಹಿಂಡು ತಿಂದದ್ದು ಕಡಿಮೆ, ಹೊರಳಾಡಿ ನೆಲಕ್ಕೆ ಮಲಗಿಸಿದ್ದೇ ಹೆಚ್ಚು. ಬದುವನ್ನೂ ಮೂತಿಯಿಂದ ಅಗೆದು ಹಾಕಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ–1972ರ ಪ್ರಕಾರ ಬೇಟೆ ನಿಷಿದ್ಧ, ಸರಿಯೇ. ಆದರೆ ಬೆಳೆಗೆ ಕಂಟಕವಾದ ಹಂದಿಯನ್ನು ಕೊಲ್ಲಲು ಅಧಿಕಾರಿಗಳು ಲಿಖಿತ ಅನುಮತಿ ನೀಡಬಹುದೆಂದು ಅದೇ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಇದು ಎಷ್ಟು ರೈತರಿಗೆ ಗೊತ್ತು? ದಾರಿ ಕಾಣದವರು ಉರುಳು ಹಾಕುತ್ತಾರೆ, ಬೇಲಿಗೆ ಕರೆಂಟ್ ಕೊಡುತ್ತಾರೆ. ಅದಕ್ಕೆ ಚಿರತೆಯೂ ಬಲಿ, ನೀರು ಕಟ್ಟಲು ಹೋದ ಮನುಷ್ಯನೂ ಬಲಿ. ಅರಣ್ಯ ಇಲಾಖೆಯು ತೆನೆ ಬರುವ ಮೊದಲೇ ಗ್ರಾಮ ಪಂಚಾಯಿತಿಗಳಲ್ಲಿ ಅರ್ಜಿ ಪಡೆದು, ಸ್ಥಳ ಪರಿಶೀಲಿಸಿ, ವಾರದೊಳಗೆ ತೀರ್ಮಾನ ತಿಳಿಸಲಿ.

– ಒಬ್ಬ ಕೃಷಿಕ, ಸಕಲೇಶಪುರ