ಶನಿವಾರದ ಕರೆ: ಅಮೆರಿಕದ ಚುನಾವಣೆ, ಹೊರಗಿನವರ ಮಾತು

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಭಾರತದ ಸಮಯ ಸಂಜೆ 7ಕ್ಕೆ ಗುಂಪಿನ ವಿಡಿಯೋ ಕರೆ ಇದೆ. ಅಮೆರಿಕದ ಚುನಾವಣೆಗೆ ಬೇರೆ ದೇಶದವರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದೇ ವಿಷಯ. ಅಲ್ಲಿ ವೋಟು ಇರುವ ಸದಸ್ಯರು ದಯವಿಟ್ಟು ತಪ್ಪಿಸಬೇಡಿ.

ಮೊದಲು 2004ರ ಒಂದು ಘಟನೆ ಓದಿಕೊಂಡು ಬನ್ನಿ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಒಬ್ಬೊಬ್ಬ ಓದುಗರಿಗೆ ಅಮೆರಿಕದ ಒಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿಯ (ಜಿಲ್ಲೆಯಂಥ ಪ್ರದೇಶ) ಒಬ್ಬ ಮತದಾರರ ವಿಳಾಸ ಕೊಟ್ಟು, ಅಧ್ಯಕ್ಷ ಚುನಾವಣೆಯ ಬಗ್ಗೆ ಕಾಗದ ಬರೆಯಿರಿ ಎಂದಿತು. ಅಮೆರಿಕದಿಂದ ಸಿಟ್ಟಿನ ಉತ್ತರಗಳು ಬಂದವು. 2000ದಲ್ಲಿ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ಗೆದ್ದಿದ್ದ ಆ ಕೌಂಟಿಯಲ್ಲಿ 2004ರಲ್ಲಿ, ಆ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ವಿರೋಧಿಸುತ್ತಿದ್ದ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಗೆದ್ದರು. ಕಾಗದಗಳೇ ಕಾರಣ ಅಂತಲ್ಲ. ಆದರೆ ಗುರುತಿಲ್ಲದವರು ಮನೆಗೆ ಕಾಗದ ಹಾಕಿ ಬುದ್ಧಿ ಹೇಳಿದರೆ ನಮಗೂ ಕೋಪ ಬರುತ್ತದೆ, ಅಲ್ವಾ?

ಹಾಗಂತ ಹೊರಗಿನವರು ಸುಮ್ನೆ ಇರಬೇಕು ಅಂತ ನನಗೆ ಅನಿಸುವುದಿಲ್ಲ. ವೀಸಾ, ಸುಂಕ, ಯುದ್ಧ ಎಲ್ಲವೂ ನಮಗೂ ತಟ್ಟುತ್ತವೆ.

ಎಣಿಕೆಯ ದಿನ 270 ಎಲೆಕ್ಟೋರಲ್ ಮತ (ರಾಜ್ಯವಾರು ಹಂಚಿದ ಮತ; ಅಧ್ಯಕ್ಷರನ್ನು ತೀರ್ಮಾನಿಸುವುದು ಜನರ ಒಟ್ಟು ವೋಟಲ್ಲ, ಇವೇ) ಖಚಿತವಾಗುವ ಮುಂಚೆ 'ಗೆದ್ದರು' ಎಂದು ಫಾರ್ವರ್ಡ್ ಹಾಕಬೇಡಿ. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಜನರ ವೋಟು ಜಾಸ್ತಿ ಬಂದರೂ ಸೋತರು.

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಲಿಂಕ್ ಶನಿವಾರ ಬೆಳಿಗ್ಗೆ ಹಾಕುತ್ತೇನೆ.